ಪಡಸಾಲೆಯ ಹತ್ತೊಂಬತ್ತು ನಿಮಿಷ

ಮನೆ ಇನ್ನೂ ಇರಲಿಲ್ಲ. ಆದರೂ ನೀಲವ್ವ ಅದರ ಹೊಸ್ತಿಲು ದಾಟುವ ಮೊದಲು ಚಪ್ಪಲಿ ಬಿಟ್ಟಳು.

ನಮ್ಮ ಸಂಶೋಧನಾ ಕೇಂದ್ರದ ಹಿಂದಿರುವ ದೊಡ್ಡ ತಗಡಿನ ಶೆಡ್ಡು ಅದು. ನೆಲಕ್ಕೆ ಕಪ್ಪು ರಬ್ಬರ್ ಹಾಸು, ನೆತ್ತಿಯ ಮೇಲೆ ಒಂದು ಕ್ಯಾಮೆರಾ, ಅಷ್ಟೇ. ಗೋಡೆಯಿಲ್ಲ, ಬಾಗಿಲಿಲ್ಲ. ಆದರೆ ನೀಲವ್ವನ ಕಣ್ಣಿಗೆ ನಾವು ಕಟ್ಟಿದ್ದ ಕನ್ನಡಕದೊಳಗೆ ಇಡೀ ಮನೆಯಿತ್ತು. ಅವಳು ತಲೆ ತಿರುಗಿಸಿದರೆ ಗೋಡೆ ತಿರುಗುತ್ತಿತ್ತು, ಮುಂದೆ ನಡೆದರೆ ಅಡಿಗೆಮನೆ ಹತ್ತಿರವಾಗುತ್ತಿತ್ತು.

"ಒಳಗ ಬರ್ಲೇನ್ರಿ ಅಕ್ಕಾರ?"

"ನಿಮ್ಮದ ಮನಿ. ನನ್ನ ಯಾಕ ಕೇಳ್ತೀರಿ?"

ಶೆಡ್ಡಿನ ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಅವಳ ಅತ್ತೆ ಗುರುಬಸವ್ವ ಅಲ್ಲಿಂದಲೇ ಕೂಗಿದರು. "ಏ ನೀಲಾ, ಗ್ವಾಡಿಗೆ ಹಾಯಬ್ಯಾಡ, ನೋಡಕೋ!"

"ಗ್ವಾಡಿ ಇಲ್ಲಲ್ಲ ಅತ್ತಿ!"

"ಇಲ್ಲದ ಗ್ವಾಡಿಗೇ ನೀ ಹಾಯಾಕಿ. ನಿನ್ನ ಬಲ್ಲೆ ನಾ."

ಸರದಿಗೆ ಕಾದಿದ್ದ ಹೆಂಗಸರೆಲ್ಲ ನಕ್ಕರು.

ಅವರ ಊರು ಬೆಣ್ಣಿಹಾಳ. ಮುಂದಿನ ಮಳೆಗಾಲಕ್ಕೆ ಅದು ಹಿನ್ನೀರಿನಲ್ಲಿ ಮುಳುಗುವುದಿತ್ತು. ಎತ್ತರದ ದಿಬ್ಬದ ಮೇಲೆ ಮುನ್ನೂರ ಹದಿನೆಂಟು ಮನೆಗಳ ಹೊಸ ಊರು ಏಳಬೇಕಿತ್ತು. ಇಟ್ಟಿಗೆಯ ಮನೆಗಳಲ್ಲ. ಅಚ್ಚುಯಂತ್ರವೊಂದು ಕಾಂಕ್ರೀಟನ್ನು ಶಾವಿಗೆಯಂತೆ ಎಳೆಯೆಳೆಯಾಗಿ ಸುರಿದು ಎರಡು ದಿನಕ್ಕೊಂದು ಮನೆ ಎಬ್ಬಿಸುತ್ತದೆ; ಅಂಥ ನಾಲ್ಕು ಯಂತ್ರಗಳು ಬರುವುದಿತ್ತು. ಗೋಡೆಯೊಳಗೇ ಪೈಪು, ತಂತಿ ಎಲ್ಲ ಕೂತಿರುತ್ತವೆ. ಆಮೇಲೆ ಇಲ್ಲೊಂದು ಕಿಟಕಿ ಬೇಕಿತ್ತು ಎಂದರೆ ಗೋಡೆ ಒಡೆಯಲಾಗದು. ಅದಕ್ಕೇ ಮನೆ ಕಟ್ಟುವ ಮೊದಲೇ ಅದರೊಳಗೆ ಹೆಂಗಸರನ್ನು ನಡೆಸಿ ನೋಡುವುದು ನಮ್ಮ ಯೋಜನೆ. ಎಲ್ಲಿ ಎಷ್ಟು ಹೆಜ್ಜೆ, ಎಲ್ಲಿ ಬಾಗಿದರು, ಎಲ್ಲಿ ಕೂತರು ಎಂಬುದನ್ನು ಕನ್ನಡಕವೇ ಬರೆದುಕೊಳ್ಳುತ್ತದೆ. ಎಲ್ಲರ ಹೆಜ್ಜೆ ಸೇರಿ ಒಂದು ಹೆಜ್ಜೆಪಟ ತಯಾರಾಗುತ್ತದೆ. ಕಾಲು ಹೆಚ್ಚು ಆಡಿದ ಕಡೆ ಕೆಂಪು, ಆಡದ ಕಡೆ ಬಿಳಿ. ಆ ಪಟ ನೋಡಿ ಗಣಕಯಂತ್ರ ಗೋಡೆಗಳನ್ನು ಸರಿಸುತ್ತದೆ.

ಈ ಕೆಲಸಕ್ಕೆ ನನ್ನನ್ನು ಎಳೆದದ್ದು ನನ್ನ ಅವ್ವ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆಯೂ ಹೀಗೇ ನೀರಿಗೆ ಹೋಗಿತ್ತು. ಹೊಸ ಮನೆಯಲ್ಲಿ ಅವ್ವ ಆರು ವರ್ಷ ಬದುಕಿದಳು. ಆರೂ ವರ್ಷ ನೀರು ಕುಡಿಯಲು ಎದ್ದಾಗ ಹಳೆಯ ಮನೆಯಲ್ಲಿದ್ದಂತೆ ಎಡಕ್ಕೇ ತಿರುಗಿ ಗೋಡೆಗೆ ಹಣೆ ಬಡಿಸಿಕೊಳ್ಳುತ್ತಿದ್ದಳು. "ನನ್ನ ಕಾಲಿಗೆ ಇನ್ನೂ ಮನಿ ತಿಳಿದಿಲ್ಲ" ಎನ್ನುತ್ತಿದ್ದಳು. ಮನೆಗೆ ಕಾಲು ತಿಳಿಯಬೇಕಿತ್ತಲ್ಲವೇ ಎಂದು ನನಗೆ ಹೊಳೆದದ್ದು ಅವಳು ಹೋದ ಎಷ್ಟೋ ವರ್ಷಗಳ ಮೇಲೆ.

ನಡೆಯುವವರಿಗೆ ಸಂಕೋಚವಾಗಬಾರದೆಂದು ಶೆಡ್ಡಿನಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ನೀಲವ್ವನನ್ನು ಹೊಸ್ತಿಲ ತನಕ ಬಿಟ್ಟು ನಾನು ಗಣಕದ ಕೋಣೆಗೆ ಬಂದೆ. ಅಲ್ಲಿ ನಸ್ರೀನ್ ಕೂತಿದ್ದಳು. ಪ್ರೋಗ್ರಾಮೆಲ್ಲ ಅವಳ ಕೈಯದು. ಖಾಲಿ ಮನೆಯಲ್ಲಿ ಜನ ಬೀಗರ ಹಾಗೆ ನಡೆಯುತ್ತಾರೆ, ತಮ್ಮ ಮನೆಯ ಹಾಗೆ ನಡೆಯುವುದಿಲ್ಲ ಎಂದು ಆ ಕಾಣದ ಮನೆಯಲ್ಲಿ ಅವಳು ಒಂದಿಷ್ಟು ಸಂಸಾರ ಹೂಡಿದ್ದಳು. ಹಿತ್ತಲಲ್ಲಿ ಒಂದು ಎಮ್ಮೆ. ಕಟ್ಟೆಯ ಮೇಲೆ ಆಡುವ ಮಗು. ಪಡಸಾಲೆಯ ಹಗ್ಗದ ಹೊರಸಿನ ಮೇಲೆ, ತಲೆಗೆ ಪಟಗ ಸುತ್ತಿಕೊಂಡು, ಆಗಾಗ ಕೆಮ್ಮುವ ಒಬ್ಬ ಮುದುಕ. ಅವನ ಕೆಮ್ಮು ನಸ್ರೀನಳ ಹೆಮ್ಮೆ. ನಾವು ಅವನನ್ನು ಅಜ್ಜ ಎನ್ನುತ್ತಿದ್ದೆವು.

ತೆರೆಯ ಮೇಲೆ ನೀಲವ್ವ ಒಂದು ಕೆಂಪು ಚುಕ್ಕೆ. ಚುಕ್ಕೆ ಪಡಸಾಲೆಯ ಬದಿಯ ದಾರಿಯಿಂದ ಅಡಿಗೆಮನೆಗೆ ಹೋಯಿತು, ಉಗ್ರಾಣಕ್ಕೆ ಹೋಯಿತು, ಹಿತ್ತಲಿಗೆ ಹೋಗಿ ಬಂತು. ಪಡಸಾಲೆಗೆ ಕಾಲಿಡುತ್ತಲೇ ಬೂದಿಬಣ್ಣಕ್ಕೆ ತಿರುಗಿತು.

"ಯಾಕ ಹಂಗಾತು?"

"ಏನಿಲ್ಲ ಮೇಡಂ, ಎಲ್ಲಾರದೂ ಹಂಗ ಆಗ್ತದ. ಅಲ್ಲಿ ಸುಳಿವು ತಪ್ತದ. ಆ ಭಾಗ ಪ್ರೋಗ್ರಾಮೇ ಕಸ ಅಂತ ತಗದ ಹಾಕ್ತದ."

ಅರ್ಧ ಗಂಟೆಯ ಮೇಲೆ ಹೊರಬಂದ ನೀಲವ್ವ ಬೆವೆತಿದ್ದಳು. ಮುಖದಲ್ಲಿ ಮಾತ್ರ ಜಾತ್ರೆಗೆ ಹೋಗಿ ಬಂದ ಕಳೆ.

"ಪಡಸಾಲ್ಯಾಗ ಒಂದೀಟ ತೇಲಿದಂಗ ಆತ್ರಿ, ತೆಪ್ಪದಾಗ ಕುಂತಂಗ," ಎಂದಳು. ಕನ್ನಡಕಕ್ಕೆ ಹೊಸಬರು, ತಲೆ ತಿರುಗಿರಬೇಕೆಂದು ನಾನು ನೀರು ಕೊಟ್ಟೆ. ಅವಳು ಕುಡಿದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಅಕ್ಕಾರ, ನಾ ಒಲಿ ಎಲ್ಲಿ ಹೂಡೀನಿ ನೋಡಿದ್ರ್ಯಾ?"

ಅವಳ ಕತೆ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಗಂಡ ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. 'ಮಂದಿ ಮನಿ ಕಟ್ಟಾಕ ಹೋಗ್ಯಾರ' ಎನ್ನುತ್ತಿದ್ದಳು. ಇವಳು ದಿನಕ್ಕೆ ನೂರು ಗರಿಗರಿ ಕಟಕ ರೊಟ್ಟಿ ಬಡಿದು ತಾಲೂಕು ಊರಿನ ಎರಡು ಖಾನಾವಳಿಗೆ ಕೊಡುತ್ತಿದ್ದಳು. ಬೆಣ್ಣಿಹಾಳದ ಅವಳ ಅಡಿಗೆಮನೆ ಮನೆಯ ಹೊಟ್ಟೆಯೊಳಗಿತ್ತು, ಕಿಟಕಿಯಿಲ್ಲ. ಮೂವತ್ತನಾಲ್ಕಕ್ಕೇ ಅವಳ ಕಣ್ಣು ಸದಾ ಕೆಂಪು. ಗುರುಬಸವ್ವನ ಕಣ್ಣುಗಳಿಗಂತೂ ಬೆಳಕು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಅವರೂ ಅದೇ ಒಲೆಯ ಮುಂದೆ ನಲವತ್ತು ವರ್ಷ ಕೂತವರು.

"ಪಡಸಾಲಿ ಕಿಡಕಿ ಬಾಜೂಕ ಹೂಡೀನ್ರಿ. ಕುಂತು ರೊಟ್ಟೀನೂ ಬಡದು ನೋಡ್ದೆ. ಗಿರಾಕಿ ಬಂದ್ರ ಕಿಡಕ್ಯಾಗಿಂದ ಕೊಡಬಹುದು. ಹೊಗೀನೂ ಹೊರಗ." ಆಮೇಲೆ ಇನ್ನೂ ಮೆಲ್ಲಗೆ, "ಇದನ್ನ ಬಾಯಿಲೆ ಹೇಳಬೇಕೇನ್ರಿ? ಎಲ್ಲಾರ ಮುಂದ?"

ಗಂಡಸರು ಕೂರುವ ಪಡಸಾಲೆಯಲ್ಲಿ ಒಲೆ ಹೂಡುತ್ತೇನೆ ಎಂದು ಅತ್ತೆಯ ಮುಂದೆ ಸೊಸೆ ಬಾಯಿಬಿಟ್ಟು ಹೇಳುವುದು ಹೇಗೆ? ನನಗೆ ಅರ್ಥವಾಯಿತು. ಅರ್ಥವಾದ ಹೆಮ್ಮೆಯಲ್ಲಿ ಹೇಳಿದೆ.

"ಬ್ಯಾಡ. ನೀವು ನಡದದ್ದೆಲ್ಲಾ ಅದರಾಗ ಬಂದಿರ್ತದ. ನಡದರ ಸಾಕು."

"ನಡದರ ಸಾಕು," ಎಂದು ಅವಳೂ ಒಮ್ಮೆ ಅಂದುಕೊಂಡಳು, ಸಿಕ್ಕ ವರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವವಳಂತೆ.

*

ಮೂರು ವಾರದಲ್ಲಿ ನಲವತ್ತು ಹೆಂಗಸರು ನಡೆದರು. ಹೆಜ್ಜೆಪಟ ಬಂತು. ಅಡಿಗೆಮನೆ ಕುಂಕುಮದಷ್ಟು ಕೆಂಪು. ಉಗ್ರಾಣ, ಬಚ್ಚಲು, ಹಿತ್ತಲು ಕೆಂಪು. ಪಡಸಾಲೆ ಒಗೆದ ಧೋತರದಷ್ಟು ಬಿಳಿ.

"ನೋಡ್ರಿ ದಾಕ್ಷಾಯಿಣಿ," ಎಂದರು ನಮ್ಮ ನಿರ್ದೇಶಕರಾದ ಕುಂದರಗಿ ಸರ್. ಒಳ್ಳೆಯ ಮನುಷ್ಯ, ಯಂತ್ರಕ್ಕಿಂತ ಹೆಚ್ಚಾಗಿ ಅಂಕಿಗಳನ್ನು ನಂಬುವವರು. "ನಲವತ್ತು ಮಂದ್ಯಾಗ ಒಬ್ಬಾಕಿನೂ ಪಡಸಾಲ್ಯಾಗ ಕಾಲಿಟ್ಟಿಲ್ಲ. ನಾವು ಸುಮ್ಮ ಸುಮ್ಮನ ಅಷ್ಟು ದೊಡ್ಡ ಜಾಗ ಅಲ್ಲಿ ಸುರೀತಿದ್ವಿ."

ಗಣಕ ಪಡಸಾಲೆಯನ್ನು ಮೂರಡಿ ಕತ್ತರಿಸಿತ್ತು. ಅಡಿಗೆಮನೆಯನ್ನು ಉಗ್ರಾಣಕ್ಕೆ ಹತ್ತಿರ ಮಾಡಲು ಮನೆಯ ನಟ್ಟನಡುವೆ ತಂದು ಕೂರಿಸಿತ್ತು. ನಡುವೆ ಬಂದ ಮೇಲೆ ಅದಕ್ಕೆ ಹೊರಗೋಡೆಯಿಲ್ಲ, ಹೊರಗೋಡೆಯಿಲ್ಲದ ಮೇಲೆ ಕಿಟಕಿಯಿಲ್ಲ. ಹೊಗೆಗೆ ಸೂರಿನಲ್ಲೊಂದು ಪಂಖದ ಕೊಳವೆ. ಹೆಂಗಸಿನ ದಿನದ ನಡಿಗೆಯಲ್ಲಿ ಮೂರರಲ್ಲೊಂದು ಪಾಲು ಉಳಿತಾಯ.

ನಾನೂ ಸಹಿ ಹಾಕಿದೆ. ಆ ಬಿಳಿಯನ್ನು ನೋಡಿ ನನಗೆ ಬೆರಗಾಗಲಿಲ್ಲ. ಹೆಂಗಸರು ಪಡಸಾಲೆಗೆ ಎಲ್ಲಿ ಹೋಗುತ್ತಾರೆ ಎಂದು ನನಗೂ ಅನಿಸಿತ್ತು. ನೀಲವ್ವ ಕಿವಿಯಲ್ಲಿ ಹೇಳಿದ ಮಾತು ಕೂಡ, ನಲವತ್ತು ಜನರ ಅಂಕಿಗಳ ಕೆಳಗೆ, ಎಲ್ಲೋ ಸೇರಿಹೋಗಿತ್ತು.

ಬೆಣ್ಣಿಹಾಳದ ಶಾಲೆಯ ಅಂಗಳದಲ್ಲಿ ನಕ್ಷೆ ತೋರಿಸಿದೆವು. ಗಂಡಸರು ಮುಂದೆ, ಹೆಂಗಸರು ಹಿಂದೆ ಬೇವಿನ ಮರದ ಕೆಳಗೆ. ದೊಡ್ಡ ತೆರೆಯ ಮೇಲೆ ಮನೆ ತಿರುಗಿತು, ಬಾಗಿಲು ತೆರೆದುಕೊಂಡಿತು. ಯಾರೋ ಹಿರಿಯರು ದನದ ಕೊಟ್ಟಿಗೆ ಎಲ್ಲಿ ಎಂದರು, ತೋರಿಸಿದೆವು. "ಪಾಡ ಐತ್ರಿ" ಎಂದು ಮೆಚ್ಚಿದರು. ಚಪ್ಪಾಳೆಯೂ ಆಯಿತು.

ಹೊರಡುವಾಗ ಬೋರಿನ ಹತ್ತಿರ ಕೈ ತೊಳೆಯುತ್ತಿದ್ದೆ. ನೀಲವ್ವ ಕೊಡ ಹಿಡಿದು ಬಂದಳು. ಕೊಡ ತುಂಬಿದ ಮೇಲೆ ಕೇಳಿದಳು.

"ನಾ ನಡದದ್ದು ಸಾಲಲಿಲ್ಲೇನ್ರಿ ಅಕ್ಕಾರ?"

ನಾನು ಅವಳನ್ನೇ ನೋಡಿದೆ.

"ಇನ್ನೂ ಒಂದೀಟ ನಡೀಬೇಕಿತ್ತೇನೋ. ಅತ್ತಿ ಹೊರಗ ಕಾಯಾಕತ್ತಿದ್ರು, ಅದಕ್ಕ ಲಗೂನ ಬಂದ್‌ಬಿಟ್ಟೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತನ್ನದೇ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು.

ಜೀಪಿನಲ್ಲಿ ಇಪ್ಪತ್ತೆಂಟು ಕಿಲೋಮೀಟರೂ 'ನಡದರ ಸಾಕು' ಎಂದ ನನ್ನದೇ ಮಾತು ಕಿವಿಯಲ್ಲಿತ್ತು.

*

ಮರುದಿನ ಮಂಗಳವಾರ. ನಕ್ಷೆಗೆ ಮೊಹರು ಬೀಳುವುದು ಶನಿವಾರ, ಸೋಮವಾರದಿಂದ ಅಚ್ಚುಯಂತ್ರದ ಕೆಲಸ ಶುರು. ನಸ್ರೀನಳಿಗೆ ಪ್ರೋಗ್ರಾಮು ಕಸವೆಂದು ತೆಗೆದು ಎಸೆದದ್ದನ್ನೆಲ್ಲ ಹುಡುಕಿ ತೆಗೆಯಲು ಹೇಳಿದೆ.

"ಕಸದಾಗ ಏನ ಹುಡುಕ್ತೀರಿ ಮೇಡಂ?"

"ಒಂದು ಒಲಿ."

ನೀಲವ್ವನ ನಡಿಗೆಯಲ್ಲಿ ಸುಳಿವು ತಪ್ಪಿದ್ದು ಒಟ್ಟು ಹತ್ತೊಂಬತ್ತು ನಿಮಿಷ. ಎಲ್ಲವೂ ಪಡಸಾಲೆಯ ಬಾಗಿಲಿಂದಲೇ ಶುರು. ಇನ್ನೊಬ್ಬಳದು ಹನ್ನೊಂದು ನಿಮಿಷ, ಮತ್ತೊಬ್ಬಳದು ಇಪ್ಪತ್ನಾಲ್ಕು. ನಲವತ್ತೂ ಜನರದು ಅಲ್ಲೇ. ಬೇರೆ ಯಾವ ಕೋಣೆಯಲ್ಲೂ ಇಲ್ಲ.

ನೆತ್ತಿಯ ಮೇಲಿನ ಕ್ಯಾಮೆರಾ ಯಾರಾದರೂ ಬಿದ್ದರೆ ಗೊತ್ತಾಗಲೆಂದು ಇಟ್ಟದ್ದು. ಅದರ ಚಿತ್ರಗಳನ್ನು ನಾವು ಯಾರೂ ನೋಡಿರಲಿಲ್ಲ. ಈಗ ನೋಡಿದೆವು. ಮಸುಕು ಮಸುಕಾಗಿ ಒಬ್ಬ ಹೆಂಗಸು ಖಾಲಿ ನೆಲದ ಮೇಲೆ ನಡೆಯುತ್ತಾಳೆ. ಒಂದು ಜಾಗಕ್ಕೆ ಬರುತ್ತಲೇ ಅವಳ ಕೈ ತಲೆಗೆ ಹೋಗುತ್ತದೆ. ಅದೇ ಜಾಗದಲ್ಲಿ ಇನ್ನೊಬ್ಬಳು, ಅದೇ ಕೈ. ಮೂರನೆಯವಳು. ಏಳನೆಯವಳ ಹೊತ್ತಿಗೆ ನಸ್ರೀನ್ ಕುರ್ಚಿಯಿಂದ ಎದ್ದು ನಿಂತಳು.

"ಮೇಡಂ... ಅಜ್ಜ."

ಕನ್ನಡಕ ತಾನು ಎಲ್ಲಿದ್ದೇನೆಂದು ತಿಳಿಯುವುದು ಹಣೆಯ ಮೇಲಿನ ನಾಲ್ಕು ಪುಟ್ಟ ಕ್ಯಾಮೆರಾಗಳಿಂದ. ಪಡಸಾಲೆಗೆ ಬಂದಾಗ ಹೊರಸಿನ ಮೇಲೆ ಹಿರಿಯನೊಬ್ಬ ಕೂತಿದ್ದಾನೆ. ಅವನು ಚಿತ್ರವೆಂದು ನಾವು ಹೇಳಿದ್ದೆವು. ಅವರ ಕೈಗಳಿಗೆ ಹೇಳಿರಲಿಲ್ಲ. ಸೆರಗು ಹಣೆಯ ತನಕ ಬರುತ್ತಿತ್ತು, ನಾಲ್ಕೂ ಕ್ಯಾಮೆರಾ ಮುಚ್ಚಿಹೋಗುತ್ತಿತ್ತು. ಒಳಗೆ ಮನೆ ಅಂದಾಜಿನ ಮೇಲೆ ತೇಲುತ್ತಿತ್ತು, ತೆಪ್ಪದ ಹಾಗೆ. ಅವರು ಪಡಸಾಲೆಯಲ್ಲಿ ನಡೆದಿದ್ದರು, ಕೂತಿದ್ದರು, ಕಿಟಕಿಯಾಚೆ ಇಣುಕಿದ್ದರು. ಒಬ್ಬಳಂತೂ ಕಾಲು ಚಾಚಿ ಮಲಗಿದ್ದಳು. ಮರ್ಯಾದೆಗೆ ಸೆರಗು ಹೊದ್ದದ್ದಕ್ಕೆ ನಮ್ಮ ಯಂತ್ರ ಅವರು ಅಲ್ಲಿ ಇರಲೇ ಇಲ್ಲ ಎಂದು ಬರೆದುಕೊಂಡಿತ್ತು.

ನಸ್ರೀನ್ ತನ್ನ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. "ನನಗಾದ್ರೂ ತಿಳೀಬೇಕಿತ್ತು," ಎಂದಳು.

ಕುಂದರಗಿ ಸರ್ ಆ ಚಿತ್ರಗಳನ್ನು ಎರಡು ಸಲ ನೋಡಿದರು. "ಇದ್ರಾಗ ಮಂದಿ ಅದಾರ ಅಂತ ಗೊತ್ತಾಗ್ತದ. ಎಲ್ಲಿ, ಏನು ಅನ್ನೋದು ಇಂಚಿನ ಲೆಕ್ಕಕ್ಕ ಸಿಗೂದಿಲ್ಲ. ಗ್ವಾಡಿ ಸರಸಾಕ ಇದು ಸಾಲೂದಿಲ್ಲ ದಾಕ್ಷಾಯಿಣಿ." ಗೋಡೆಯ ಕ್ಯಾಲೆಂಡರು ನೋಡಿ, "ಗುರುವಾರ, ಶುಕ್ರವಾರ ನಿಮ್ಮವು. ಹತ್ತು ಮಂದೀನ ಮತ್ತ ನಡಸ್ರಿ. ಶನಿವಾರ ಹನ್ನೆರಡಕ್ಕ ನನ್ನ ಮುಂದ ಹೊಸ ಪಟ ಇರಬೇಕು. ಇಲ್ಲಾಂದ್ರ ಇದ್ದದ್ದಕ್ಕ ಮೊಹರು ಒತ್ತತೀನಿ," ಎಂದರು.

*

ಗುರುವಾರ ನಸ್ರೀನ್ ಅಜ್ಜನನ್ನು ಅಳಿಸಿಹಾಕಿದಳು. ನೀಲವ್ವ ಮೊದಲು ನಡೆದಳು. ಪಡಸಾಲೆ ಬರುತ್ತಲೇ ಚುಕ್ಕೆ ಮತ್ತೆ ಬೂದಿ.

"ಅಜ್ಜ ಇಲ್ಲಲ್ರಿ ಈಗ?" ಎಂದಳು ನಸ್ರೀನ್.

"ಅಜ್ಜ ಎದ್ದು ಹ್ವಾದ್ರೂ ಹೊರಸು ಐತೆಲ್ರಿ," ಎಂದಳು ನೀಲವ್ವ, ಸಣ್ಣ ಹುಡುಗಿಗೆ ಹೇಳಿದಂತೆ.

ಹೊರಸನ್ನೂ ಅಳಿಸಿದೆವು. ಎರಡನೆಯವಳು ನಡೆದಳು. ಬೂದಿ.

"ಈಗ ಹೊರಸೂ ಇಲ್ಲಲ್ರೀ!"

"ಪಡಸಾಲಿ ಐತೆಲ್ರಿ."

ನಸ್ರೀನ್ ತಲೆಯ ಮೇಲೆ ಕೈಹೊತ್ತಳು. "ಹಂಗಾದ್ರ ಏನ್ ಪಡಸಾಲೀನ ತಗೀಲೇನ?"

"ಅದನ್ನ ನೀವು ಆಗಲೇ ತಗದೀರಲ್ರಿ," ಎಂದಳು ನೀಲವ್ವ.

ಎಲ್ಲರೂ ನಕ್ಕರು. ಮೊದಲು ನಕ್ಕವಳು ಅವಳೇ. ಆದರೆ ನನಗೆ ಅದು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಒಂದೇ ದಾರಿ ಉಳಿದಂತಿತ್ತು. ಒಂದರ್ಧ ತಾಸು ಸೆರಗು ತೆಗೆದು ನಡೀರಿ ಎಂದು ಹೇಳುವುದು. ನಸ್ರೀನಳ ಕಡೆ ನೋಡಿದೆ. "ನಾ ಹೇಳೂದಿಲ್ಲ ಮೇಡಂ," ಎಂದಳು. ನನಗೂ ನಾಲಿಗೆ ಏಳಲಿಲ್ಲ. ಮದುವೆಯಾದ ದಿನದಿಂದ ಒಂದು ಕೈ ತಾನಾಗಿ ಏಳುತ್ತಿದ್ದರೆ, ನನ್ನ ಕನ್ನಡಕದ ಅನುಕೂಲಕ್ಕೆ ಇಳಿಸು ಎನ್ನಲು ನಾನು ಯಾರು?

ಬಾಗಿಲ ಹೊರಗಿನ ಕುರ್ಚಿಯಿಂದ ಗುರುಬಸವ್ವ ಕೇಳಿದರು. "ಏನಾತವ್ವಾ? ಯಾಕ ಎಲ್ಲಾರೂ ಸುಮ್ಮ ಕುಂತೀರಿ?"

ವಿಷಯ ಹೇಳಿದೆ. ಒಲೆಯ ಮಾತು ಬಿಟ್ಟು ಉಳಿದದ್ದೆಲ್ಲ.

"ನಡಿಯೂದು ಕಾಲು. ನೀವು ತಲಿಗೆ ಕಟ್ಟೀರಿ." ಅವರಿಗೆ ಇದು ನಗುವಷ್ಟು ಸಣ್ಣ ವಿಷಯ. "ನಾ ಸೊಸಿಯಾಗಿ ಬಂದಾಗ ನಮ್ಮತ್ತಿ ನನ್ನ ಕಾಲಿಗೆ ಗೆಜ್ಜಿ ಹಾಕ್ಸಿದ್ಲು. ಚೆಂದಕ್ಕ ಅಂತ ತಿಳದಿದ್ದೆ. ಅಲ್ಲ. ಸೊಸಿ ಎಲ್ಲಿ ಅಡ್ಡಾಡ್ತಾಳ ತಿಳೀಲಿ ಅಂತ. ನಿಮಗೂ ಅದ ಬೇಕಾಗೈತಿ, ಹೌದಿಲ್ಲೋ? ಗೆಜ್ಜಿ ಹಾಕ್ರಿ."

ನಸ್ರೀನ್ ಆಗಲೇ ಕಾಗದದ ಮೇಲೆ ಏನೋ ಗೀಚತೊಡಗಿದ್ದಳು. ಕಣ್ಣಿಗೆ ಕಾಣದ ಬೆಳಕು ಬೀರುವ ಮೂರು ಪುಟ್ಟ ದೀಪಗಳನ್ನು ಒಂದು ಪಟ್ಟಿಗೆ ಹೊಲಿದರೆ ನೆತ್ತಿಯ ಕ್ಯಾಮೆರಾವೇ ಅವನ್ನು ಇಂಚಿನ ಲೆಕ್ಕದಲ್ಲಿ ಓದಬಲ್ಲದು. ತಲೆಯ ಮೇಲೆ ಏನಿದ್ದರೂ ಅಡ್ಡಿಯಿಲ್ಲ. ಸಂಜೆ ಐದರೊಳಗೆ ಆರು ಗೆಜ್ಜೆಗಳು ತಯಾರಾದವು.

ಒಂದು ಜೊತೆಯನ್ನು ಪರೀಕ್ಷೆಗೆಂದು ನಾನು ಮನೆಗೆ ತಂದೆ. ಹಜಾರದ ಸೂರಿಗೆ ಒಂದು ಪುಟ್ಟ ಕ್ಯಾಮೆರಾ, ಬಾಲ್ಕನಿಯ ಮೂಲೆಗೆ ಒಂದು, ಅಡಿಗೆಮನೆಗೆ ಒಂದು ಅಂಟಿಸಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಎಂದಿನಂತೆ ಕೆಲಸಕ್ಕೆ ತೊಡಗಿದೆ. ಊಟಕ್ಕೆ ಮೊದಲು ಪಟ ತೆರೆದು ನೋಡಿದೆ. ಪಟ್ಟಿ ಚೆನ್ನಾಗಿಯೇ ಕೆಲಸ ಮಾಡಿತ್ತು. ಅಡಿಗೆಮನೆ ಕೆಂಪು. ಊಟದ ಮೇಜು, ಮಲಗುವ ಕೋಣೆಯ ಬಾಗಿಲು ಕೆಂಪು. ಹಜಾರದಲ್ಲಿ ಗೋಡೆಗೆ ಒತ್ತಿದ ಒಂದು ಗೆರೆ, ಯಾರದೋ ಮನೆಯಲ್ಲಿ ದಾಟಿಹೋದವಳ ಹಾಗೆ. ಬಾಲ್ಕನಿ ಬಿಳಿ. ಈ ಮನೆ ಕೊಳ್ಳುವಾಗ ನಾನು ಹಟ ಮಾಡಿ ಆರಿಸಿದ್ದೇ ಆ ಬಾಲ್ಕನಿಗಾಗಿ.

ನನ್ನ ಗಂಡ ಶ್ರೀಕಾಂತ ಪತ್ರಿಕೆ ಮಡಚಿ ಬಗ್ಗಿ ನೋಡಿದರು. "ಯಾರ ಮನಿ ಇದು?"

"ನಮ್ದು."

ಸ್ವಲ್ಪ ಹೊತ್ತು ನೋಡಿದರು. "ಬಾಲ್ಕನಿಗೆ ಹೋಗಬ್ಯಾಡ ಅಂತ ನಿನಗ ಯಾರ ಅಂದಾರ?"

"ಯಾರೂ ಅಂದಿಲ್ಲ."

ಅವರು ಎದ್ದು ತಟ್ಟೆಗಳನ್ನು ತಾವೇ ತಂದು ಮೇಜಿನ ಮೇಲಿಟ್ಟರು. ಅಜ್ಜ ಎದ್ದು ಹೋಗಿದ್ದ ಪಡಸಾಲೆಯಲ್ಲೂ ಏಳುತ್ತಿದ್ದ ಆ ಕೈಗಳು ನನಗೆ ನೆನಪಾದವು.

*

ಶುಕ್ರವಾರ ಅಜ್ಜನನ್ನು ಮತ್ತೆ ಹೊರಸಿನ ಮೇಲೆ ಕೂರಿಸಿದೆವು. ಮೊದಲು ಇದ್ದಂತೆಯೇ ಎಲ್ಲ ಇದ್ದರೆ ಮಾತ್ರ ಹೋಲಿಕೆ ಸರಿಯಾಗುತ್ತದೆಂದು ಕುಂದರಗಿ ಸರ್ ಹೇಳಿದ್ದರು. ಅದೂ ಒಳ್ಳೆಯದೇ ಆಯಿತು. ಅವನು ಕೆಮ್ಮಿದ, ಹೆಂಗಸರು ಸೆರಗು ಎಳೆದುಕೊಂಡರು, ಕಾಲುಗಳು ಮಾತ್ರ ತಮ್ಮ ಪಾಡಿಗೆ ಪಡಸಾಲೆಯೊಳಗೆ ನಡೆದವು. ತೆರೆಯ ಮೇಲೆ ಮೊದಲ ಸಲ ಆ ಬಿಳಿಯಲ್ಲಿ ಕೆಂಪು ಮೂಡಿತು.

ಒಂಬತ್ತು ಜನ ನಡೆದ ಮೇಲೆ ನೀಲವ್ವ ಕೊನೆಗೆ ನಡೆದಳು. ಹೊರಗೆ ಬಿಸಿಲು ಏರಿತ್ತು. ಗುರುಬಸವ್ವ ನೀರು ಕೇಳಿ ಒಳಗೆ ಬಂದವರು ಗಣಕದ ಕೋಣೆಯ ತಂಪಿಗೆ ಅಲ್ಲೇ ಕೂತರು. ತೆರೆಯ ಬಣ್ಣ ಅವರಿಗೆ ಅಷ್ಟಿಷ್ಟು ಕಾಣುತ್ತಿತ್ತು.

"ಆ ಕೆಂಪಂದು ನಮ್ಮ ನೀಲಾನ?"

"ಹೌದ್ರಿ."

"ಎಲ್ಲಿ ಅದಾಳ?"

"ಪಡಸಾಲ್ಯಾಗ. ಕಿಡಕಿ ಹತ್ರ."

"ಹೊಳ್ಳಿ ಹೊಳ್ಳಿ ಅಲ್ಲೇ ಅದಾಳಲ್ಲ. ಕುಂತಾಳೇನ? ಏನ್ ಮಾಡಾಕತ್ತಾಳ?"

ನಸ್ರೀನ್ ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳಬಹುದಿತ್ತು. ಆದರೆ ಮೊಹರಿಗೆ ಮೊದಲು ಮನೆಯ ಹಿರಿಯರು ಒಪ್ಪಿ ಹೆಬ್ಬೆಟ್ಟು ಒತ್ತಬೇಕೆಂಬ ನಿಯಮವಿತ್ತು. ಗೋವಾದಲ್ಲಿದ್ದ ಮಗನ ಬದಲು ಆ ಹೆಬ್ಬೆಟ್ಟು ಈ ಮುದುಕಿಯದು. ಇವರು ಬೇಡವೆಂದರೆ ಪಟ ಎಷ್ಟು ಕೆಂಪಾದರೂ ನೀಲವ್ವನಿಗೆ ಕಿಟಕಿ ಸಿಗುವಂತಿರಲಿಲ್ಲ.

"ಒಲಿ ಹೂಡ್ಯಾಳ್ರಿ. ರೊಟ್ಟಿ ಬಡಿಯಾಕತ್ತಾಳ."

"ಪಡಸಾಲ್ಯಾಗ ಒಲಿ?"

ಗುರುಬಸವ್ವ ತೆರೆಯ ಆ ಕೆಂಪಿನ ಕಡೆಗೇ ಮುಖ ಮಾಡಿ ಕೂತಿದ್ದರು. ಅವರ ಬಲಗೈ ತೊಡೆಯ ಮೇಲೆ ಮೆಲ್ಲಗೆ ಏಳುತ್ತ ಬೀಳುತ್ತ ಇತ್ತು. ರೊಟ್ಟಿ ತಟ್ಟುವ ಲಯ ಎಂದು ನನಗೆ ತಡವಾಗಿ ಗೊತ್ತಾಯಿತು.

"ನನಗೂ ಕಟ್ರಿ," ಎಂದರು.

"ಅರವತ್ತು ದಾಟಿದವರಿಗೆ ಕಟ್ಟಂಗಿಲ್ರಿ, ಬಿದ್ದಗಿದ್ದೀರಿ..." ಎಂದಳು ನಸ್ರೀನ್.

"ಕಾಲಿಗೆ ಕಟ್ಟ ತಂಗಿ. ಆ ಕನ್ನಡಕ ಬ್ಯಾಡ. ಅದ್ರಾಗ ನೋಡಾಕ ನನಗ ಕಣ್ಣೆಲ್ಲಿ ಉಳದಾವ?"

ನಾನೇ ಬಗ್ಗಿ ಆ ಒಣಗಿದ ಕಾಲಿಗೆ ಪಟ್ಟಿ ಕಟ್ಟಿದೆ. ಗುರುಬಸವ್ವ ಕೋಲು ಊರುತ್ತ ಶೆಡ್ಡಿನೊಳಗೆ ಹೋದರು. ನಾವು ನಿಯಮ ಮರೆತು ಬಾಗಿಲಲ್ಲೇ ನಿಂತೆವು. ಅತ್ತೆಯ ಕೋಲಿನ ಸದ್ದಿಗೆ ನೀಲವ್ವ ದಿಗ್ಗನೆ ಎದ್ದು ನಿಂತಳು. ಕನ್ನಡಕದ ಮೇಲೆ ಸೆರಗು, ಸೆರಗಿನ ಕೆಳಗೆ ಬರೀ ಬಾಯಿ.

"ಬಾಗಲಾ ಎಲ್ಲೈತಿ?" ಎಂದರು ಗುರುಬಸವ್ವ.

"ನಿಮ್ಮ ಮುಂದ ಐತಿ ಅತ್ತಿ. ಹೊಸ್ತಲ ಐತಿ, ಕಾಲೆತ್ತಿ ಇಡ್ರಿ."

ಮುದುಕಿ ಇಲ್ಲದ ಹೊಸ್ತಿಲಿಗೆ ಕಾಲೆತ್ತಿದರು.

"ಇಲ್ಲಿ ಎಡಕ್ಕ ಹೊರಸಿನ ಮ್ಯಾಗ ಅಜ್ಜ ಕುಂತಾನ್ರಿ," ಎಂದಳು ನೀಲವ್ವ, ಎಚ್ಚರಿಸುವಂತೆ.

"ಕುಂದರ್ಲಿ. ನನಗ ಕಾಣೂದಿಲ್ಲ."

ನಸ್ರೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಗುರುಬಸವ್ವ ಹೊರಸನ್ನು, ಅಜ್ಜನನ್ನು, ಅವನ ಕೆಮ್ಮನ್ನು ಹಾದು ನಡುಪಡಸಾಲೆಯಲ್ಲೇ ನಡೆದರು. ಸೊಸೆಯ ದನಿ ಬಂದ ಕಡೆ ತಲುಪಿ, ಕೋಲು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತರು.

"ಒಲಿ ಎಲ್ಲಿ?"

"ನಿಮ್ಮ ಮುಂದ."

"ಕಿಡಕಿ?"

"ಬಲಕ್ಕ ಐತಿ ಅತ್ತಿ."

ಗುರುಬಸವ್ವ ಬಲಕ್ಕೆ ಮುಖ ತಿರುಗಿಸಿದರು. ಅಲ್ಲಿ ಶೆಡ್ಡಿನ ತಗಡು ಬಿಟ್ಟರೆ ಏನೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದಷ್ಟು ಹೊತ್ತು ಹಾಗೇ ಇದ್ದರು.

"ಗಾಳಿ ಬರವಲ್ದಲ್ಲ?"

"ಇನ್ನೂ ಕಟ್ಟಿಲ್ಲಲ್ಲ ಅತ್ತಿ. ಕಟ್ಟಿದ ಮ್ಯಾಗ ಬರ್ತೈತಿ."

"ಬರ್ತೈತಿ?"

"ಬರ್ತೈತಿ."

"ಹಂಗಾದ್ರ ಒಲಿ ಇಲ್ಲೇ ಇರ್ಲಿ." ಕೋಲಿಗಾಗಿ ನೆಲ ತಡವುತ್ತ ಮತ್ತೆ ತಮ್ಮ ಎಂದಿನ ದನಿಗೆ ಬಂದರು. "ಇದನ್ನ ಬಾಯಿಲೆ ಹೇಳಾ‌ಕ ನಿನಗೇನ ಆಗಿತ್ತ? ಇಷ್ಟು ಮಂದಿ, ಇಷ್ಟು ಯಂತ್ರ ಬೇಕಾತು ಅತ್ತಿ ಕೂಡ ಒಂದ ಮಾತ ಆಡಾಕ!"

ನೀಲವ್ವ ಕನ್ನಡಕ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು. ಗಣಕದ ಕೋಣೆಗೆ ಹಿಂದಿರುಗಿದಾಗ ತೆರೆಯ ಮೇಲೆ ಕಿಟಕಿಯ ಪಕ್ಕ ಎರಡು ಕೆಂಪುಗಳು ಒಂದರೊಳಗೊಂದು ಬೆರೆತಿದ್ದವು.

ಶನಿವಾರ ಹನ್ನೊಂದೂವರೆಗೆ ಕುಂದರಗಿ ಸರ್ ಹಳೆಯ ಪಟವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. "ಬಿಳೀ ಅಂದ್ರ ಅಲ್ಲಿ ಯಾರೂ ಇಲ್ಲ ಅಂತ ಓದಿದ್ವಿ," ಎಂದು ತಮಗೆ ತಾವೇ ಅಂದುಕೊಂಡು ಹಳೆಯದರ ಮೇಲೆ ಅಡ್ಡ ಗೆರೆ ಎಳೆದರು. ಪಡಸಾಲೆಗೆ ಮೂರಡಿ ಮರಳಿ ಬಂತು. ಬೀದಿಯ ಕಡೆಯ ಗೋಡೆಗೆ ಒಲೆಯ ಕಟ್ಟೆ, ಅದರ ಮೇಲೆ ಅಗಲವಾದ ಕಿಟಕಿ. ಬೇಕೆಂದವರ ಮನೆಗೆ ಮಾತ್ರ. ನೂರ ತೊಂಬತ್ತೊಂದು ಮನೆಯವರು ಬೇಕೆಂದರು.

ಆ ಸಂಜೆ ನಾನು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಏನು ಮಾಡಬೇಕೆಂದು ತಿಳಿಯದೆ ಹತ್ತು ನಿಮಿಷಕ್ಕೆ ಎದ್ದುಬಿಟ್ಟೆ. ಕೂತಷ್ಟು ಹೊತ್ತೂ ತೆಪ್ಪದ ಮೇಲೆ ಕೂತಂತಿತ್ತು.

*

ಹೊಸ ಬೆಣ್ಣಿಹಾಳಕ್ಕೆ ನಾನು ಹೋದದ್ದು ಹತ್ತು ತಿಂಗಳ ಮೇಲೆ. ಬೂದುಬಣ್ಣದ ಗೋಡೆಗಳ ಮೇಲೆ ಯಂತ್ರ ಸುರಿದ ಎಳೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಕೆಲವರು ಅದರ ಮೇಲೆ ಆಗಲೇ ಸುಣ್ಣ ಬಳಿದಿದ್ದರು. ನೀಲವ್ವನ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಬೀದಿಯ ತಿರುವಿನಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಕಿಟಕಿಯೊಳಗೆ ಅವಳು ಕೂತಿದ್ದಳು. ಪಕ್ಕದಲ್ಲಿ ಗುರುಬಸವ್ವ ಗೋಡೆಗೊರಗಿ, ಗಾಳಿಗೆ ಮುಖವೊಡ್ಡಿ, ಬೆಂದ ರೊಟ್ಟಿಗಳನ್ನು ಕೈಯಿಂದಲೇ ಎಣಿಸಿ ಒಟ್ಟುತ್ತಿದ್ದರು. ನೀಲವ್ವ ನನ್ನನ್ನು ನೋಡಿ, "ಬರ್ರಿ ಅಕ್ಕಾರ, ಈ ಸಲ ಖರೇ ಹೊಸ್ತಲ ಐತಿ, ಎಡವೀರಿ!" ಎಂದು ನಕ್ಕಳು.

ಅಷ್ಟರಲ್ಲಿ ಬೀದಿಯಲ್ಲಿ ಪಟಗ ಸುತ್ತಿದ ಹಿರಿಯರೊಬ್ಬರು ಕೋಲೂರುತ್ತ ಬಂದರು. ಕಿಟಕಿಯ ಮುಂದೆ ಬಂದು ಒಮ್ಮೆ ಕೆಮ್ಮಿದರು. ನೀಲವ್ವನ ಎಡಗೈ ತಾನಾಗಿ ಎದ್ದು ಸೆರಗನ್ನು ಹಣೆಯ ತನಕ ಎಳೆಯಿತು.

ಬಲಗೈ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.